ಸಟ್ಟುಗ ಕೈ ಬದಲಾಗುವ ರಾತ್ರಿ: ಉಡುಪಿಯ ಪರ್ಯಾಯ ನಡೆಯುವುದು ಹೇಗೆ?

ಉಡುಪಿ ಕೃಷ್ಣ ಮಠದ ಯಜಮಾನರು ಯಾರು? ರಥಬೀದಿಯಲ್ಲಿ ನಿಂತು ಈ ಪ್ರಶ್ನೆ ಕೇಳಿದರೆ, "ಯಾವ ವರ್ಷದ ಲೆಕ್ಕ ಹೇಳಬೇಕು?" ಅಂತ ಮರುಪ್ರಶ್ನೆ ಬರಬಹುದು. ಯಾಕೆಂದರೆ ಇಲ್ಲಿ ಯಜಮಾನಿಕೆಗೆ ಎರಡು ವರ್ಷದ ಗಡುವಿದೆ. 2024ರಿಂದ 2026ರವರೆಗೆ ಪುತ್ತಿಗೆ ಮಠದ್ದು. 2026ರ ಜನವರಿ 18ರಿಂದ ಶೀರೂರು ಮಠದ ಸರದಿ. 2028ಕ್ಕೆ ಸೋದೆ ಮಠ. ಈ ಸರದಿಯನ್ನೇ ಪರ್ಯಾಯ ಎನ್ನುತ್ತಾರೆ.

ಪರ್ಯಾಯ ಅಂದ ಕೂಡಲೇ ಹೆಚ್ಚಿನವರಿಗೆ ನೆನಪಾಗುವುದು ಮೆರವಣಿಗೆ, ಟ್ಯಾಬ್ಲೊ, ಜನಜಂಗುಳಿ, ಟಿವಿಯಲ್ಲಿ ನೇರಪ್ರಸಾರ. ಅದೆಲ್ಲ ಇದೆ. ಆದರೆ ಅಧಿಕಾರ ಕೈ ಬದಲಾಗುವ ಹೊತ್ತಿನಲ್ಲಿ ಇಳಿಯುವ ಸ್ವಾಮೀಜಿ ಏರುವ ಸ್ವಾಮೀಜಿಗೆ ಏನು ಕೊಡುತ್ತಾರೆ ಅಂತ ಸ್ವಲ್ಪ ನೋಡಿ. ಗರ್ಭಗುಡಿಯ ಕೀಲಿಕೈ, ಅಕ್ಷಯಪಾತ್ರೆ, ಸಟ್ಟುಗ. ಸಟ್ಟುಗ ಅಂದರೆ ಬಡಿಸುವ ಸೌಟು. ಮೂರರಲ್ಲಿ ಎರಡು ಅಡಿಗೆಮನೆಯ ಸಾಮಾನು, ಅಲ್ವಾ? ಪರ್ಯಾಯ ಅರ್ಥ ಆಗಬೇಕಾದರೆ ಈ ಸೌಟಿನಿಂದಲೇ ಶುರು ಮಾಡಬೇಕು ಅಂತ ನನಗೆ ಅನ್ನಿಸುತ್ತದೆ. ಪೂಜೆಯ ಹಕ್ಕಿನ ಜೊತೆಗೇ ಬಂದವರಿಗೆಲ್ಲ ಊಟ ಹಾಕುವ ಹೊಣೆಯೂ ಹೆಗಲಿಗೆ ಬೀಳುತ್ತದೆ. ಆ ಹೊಣೆ ಒಂದು ಮಠ ಒಂಟಿಯಾಗಿ ಹೊರುವಂಥದ್ದಲ್ಲ. ಊರು ಮಠದೊಳಗೆ ಬರುವುದು ಆ ದಾರಿಯಿಂದಲೇ.

ಎಂಟು ಮಠಕ್ಕೆ ಒಬ್ಬ ಕೃಷ್ಣ

ಮೊದಲು ವ್ಯವಸ್ಥೆ ಏನು ಅಂತ ತಿಳಿದುಕೊಳ್ಳೋಣ. 13ನೇ ಶತಮಾನದಲ್ಲಿ ದ್ವೈತ ಮತ ಹೇಳಿದ ಮಧ್ವಾಚಾರ್ಯರು ಹುಟ್ಟಿದ್ದು ಉಡುಪಿ ಹತ್ತಿರದ ಪಾಜಕದಲ್ಲಿ. ಕೃಷ್ಣ ಉಡುಪಿಗೆ ಬಂದ ಕತೆ ಕರಾವಳಿಯ ಮಕ್ಕಳಿಗೆಲ್ಲ ಗೊತ್ತು. ಮಲ್ಪೆ ಕಡಲಿನಲ್ಲಿ ಒಂದು ಹಡಗು ಬಿರುಗಾಳಿಗೆ ಸಿಕ್ಕಿತು. ಆಚಾರ್ಯರು ದಡದಿಂದಲೇ ತಮ್ಮ ವಸ್ತ್ರ ಬೀಸಿ ಅದನ್ನು ಉಳಿಸಿದರು. ಹಡಗಿನವನು ಏನು ಬೇಕಾದರೂ ಕೇಳಿ ಎಂದಾಗ ಒಂದು ಗೋಪೀಚಂದನದ ಗಡ್ಡೆ ಕೇಳಿದರು. ಅದರೊಳಗೆ ಕಡೆಗೋಲು ಹಿಡಿದ ಬಾಲಕೃಷ್ಣ ಇದ್ದ. ಇದು ನಂಬಿಕೆಯ ಕತೆ. ಕಡೆಗೋಲು ಹಿಡಿದ ಆ ಪುಟ್ಟ ವಿಗ್ರಹ ಮಾತ್ರ ಇವತ್ತಿಗೂ ಗರ್ಭಗುಡಿಯಲ್ಲಿದೆ.

ಕೃಷ್ಣನ ಪೂಜೆಗೆ ಆಚಾರ್ಯರು ತಮ್ಮ ಎಂಟು ಶಿಷ್ಯರನ್ನು ನೇಮಿಸಿದರು. ಆ ಎಂಟು ಪರಂಪರೆಗಳೇ ಇವತ್ತಿನ ಅಷ್ಟಮಠಗಳು: ಪಲಿಮಾರು, ಅದಮಾರು, ಕೃಷ್ಣಾಪುರ, ಪುತ್ತಿಗೆ, ಶೀರೂರು, ಸೋದೆ, ಕಾಣಿಯೂರು, ಪೇಜಾವರ. ನಾನು ಹೇಳಿದ ಈ ಕ್ರಮದಲ್ಲೇ ಪರ್ಯಾಯ ಸುತ್ತುತ್ತದೆ. ಎಂಟು ಮಠಗಳ ಕಟ್ಟಡಗಳೂ ರಥಬೀದಿಯ ಸುತ್ತಮುತ್ತಲೇ ಇವೆ. ಮೂಲ ಮಠಗಳು ಮಾತ್ರ ಬೇರೆ ಬೇರೆ ಊರುಗಳಲ್ಲಿವೆ. ಸೋದೆಯದ್ದಂತೂ ಘಟ್ಟದ ಮೇಲೆ, ಶಿರಸಿ ಹತ್ತಿರದ ಸೋಂದಾದಲ್ಲಿದೆ.

ಪ್ರತಿ ಮಠಕ್ಕೂ ಅದರದ್ದೇ ಸ್ವಾಮೀಜಿ, ಅದರದ್ದೇ ಪಟ್ಟದ ದೇವರು, ಅದರದ್ದೇ ಆಸ್ತಿ, ಅದರದ್ದೇ ಸಾಲ. ಕೃಷ್ಣ ಮಾತ್ರ ಎಲ್ಲರಿಗೂ ಸೇರಿದವನು. ಅವನ ವಿಗ್ರಹ ಮುಟ್ಟಿ ಪೂಜೆ ಮಾಡುವುದು ಈ ಮಠಗಳ ಸನ್ಯಾಸಿಗಳೇ. ಬೇರೆ ದೇವಸ್ಥಾನಗಳಲ್ಲಿ ಇರುವಂತೆ ಮನೆತನದ ಅರ್ಚಕರು ಇಲ್ಲಿಲ್ಲ.

ಮೊದಲು ಈ ಸರದಿ ಎರಡು ತಿಂಗಳದ್ದಾಗಿತ್ತು. ಎಂಟು ಮಠ, ತಲಾ ಎರಡು ತಿಂಗಳು. ಅಂದರೆ 16 ತಿಂಗಳಿಗೊಮ್ಮೆ ಮತ್ತೆ ಸರದಿ ಬರುತ್ತಿತ್ತು. ಕಾಲ್ನಡಿಗೆಯ ಕಾಲದಲ್ಲಿ ಕಾಶಿ, ಬದರಿಗೆ ಹೋದವರು ಅಷ್ಟರೊಳಗೆ ತಿರುಗಿ ಬರುವುದು ಸುಲಭವಲ್ಲ. 1522ರಲ್ಲಿ ಸೋದೆ ಮಠದ ವಾದಿರಾಜರು ಎರಡು ತಿಂಗಳನ್ನು ಎರಡು ವರ್ಷ ಮಾಡಿದರು. ಸುತ್ತು 16 ವರ್ಷಕ್ಕೆ ಹಿಗ್ಗಿತು. ಲೆಕ್ಕ ಹಾಕಿ ನೋಡಿ, ಚೆನ್ನಾಗಿದೆ. 1522ರಲ್ಲಿ ಪಲಿಮಾರು ಮಠದಿಂದ ಶುರುವಾದ ಸುತ್ತು 2018ಕ್ಕೆ 496 ವರ್ಷ ಮುಗಿಸಿತು. ಅಂದರೆ ಸರಿಯಾಗಿ 31 ಸುತ್ತು. 2018ರಲ್ಲಿ ಮತ್ತೆ ಪಲಿಮಾರು ಮಠದ್ದೇ ಸರದಿ ಬಂತು, 32ನೇ ಸುತ್ತು ಶುರುವಾಯಿತು. ವಿಜಯನಗರ ಹೋಯಿತು, ಕೆಳದಿ ಹೋಯಿತು, ಹೈದರ್ ಬಂದ, ಬ್ರಿಟಿಷರು ಬಂದು ಹೋದರು. ಈ ಲೆಕ್ಕ ತಪ್ಪಲಿಲ್ಲ.

ವಾದಿರಾಜರ ಈ ಬದಲಾವಣೆಯಲ್ಲಿ ಜಾಣತನ ಜಾಸ್ತಿ ಇದೆ ಅಂತ ನನ್ನ ಅಭಿಪ್ರಾಯ. ಎರಡು ತಿಂಗಳಲ್ಲಿ ಯಾರೂ ಏನೂ ಕಟ್ಟಲಾರರು. ಜೀವನಪೂರ್ತಿ ಕೊಟ್ಟರೆ ಅದು ಒಬ್ಬರ ಆಸ್ತಿ ಆಗಿಬಿಡುತ್ತದೆ. ಎರಡು ವರ್ಷ ಅಂದರೆ ಒಂದು ಕೆಲಸ ಹಿಡಿದು ಮುಗಿಸುವಷ್ಟು ಸಮಯ. ಆಮೇಲೆ 14 ವರ್ಷ ಬಿಡುವು. ಆ ಬಿಡುವಿನಲ್ಲಿ ಓದು, ಪಾಠ, ಸಂಚಾರ, ಮುಂದಿನ ಪರ್ಯಾಯಕ್ಕೆ ಕೂಡಿಡುವುದು. 14 ವರ್ಷ ದುಡಿದದ್ದನ್ನು ಎರಡು ವರ್ಷದಲ್ಲಿ ಖಾಲಿ ಮಾಡುವ ಮದುವೆಮನೆಯ ಲೆಕ್ಕ ಇದು.

ಬಾಳೆ ನೆಡುವುದರಿಂದ ಶುರು

ಪರ್ಯಾಯದ ತಯಾರಿ ಒಂದು ವರ್ಷಕ್ಕೂ ಮೊದಲೇ ಶುರುವಾಗುತ್ತದೆ. ನಾಲ್ಕು ಮುಹೂರ್ತಗಳಿವೆ. ಮೊದಲು ಬಾಳೆ ಮುಹೂರ್ತ. ಮಠದ ಜಾಗದಲ್ಲಿ ಬಾಳೆ ಗಿಡ ನೆಡುತ್ತಾರೆ. ಎಲೆ ಇಲ್ಲದೆ ಊಟ ಬಡಿಸುವುದು ಹೇಗೆ? ಆಮೇಲೆ ಅಕ್ಕಿ ಮುಹೂರ್ತ, ನಂತರ ಕಟ್ಟಿಗೆ ಮುಹೂರ್ತ, ಕೊನೆಗೆ ಭತ್ತ ಮುಹೂರ್ತ. ನಾಲ್ಕೂ ಊಟಕ್ಕೆ ಸಂಬಂಧಪಟ್ಟವು ಅನ್ನುವುದನ್ನು ಗಮನಿಸಿ. ಎಲೆ, ಅಕ್ಕಿ, ಸೌದೆ, ಭತ್ತ. ಇವತ್ತಿನ ಭಾಷೆಯಲ್ಲಿ ಹೇಳುವುದಾದರೆ ಇದು ಎರಡು ವರ್ಷದ ಅಡಿಗೆಮನೆಯ ಪ್ಲಾನಿಂಗ್. ಮುಹೂರ್ತದ ಹೆಸರಿನಲ್ಲಿ ನಡೆಯುತ್ತದೆ ಅಷ್ಟೇ.

ಕಟ್ಟಿಗೆ ಮುಹೂರ್ತದ ಫಲವನ್ನು ನೀವು ಕಣ್ಣಾರೆ ನೋಡಬಹುದು. ಮಠದ ಕೆರೆಯಾದ ಮಧ್ವ ಸರೋವರದ ಹತ್ತಿರ ಸೌದೆಯನ್ನು ರಥದ ಆಕಾರದಲ್ಲಿ ಪೇರಿಸುತ್ತಾರೆ. ಕಟ್ಟಿಗೆ ರಥ ಅಂತಲೇ ಅದರ ಹೆಸರು. ಬುಡ ಅಗಲ, ಮೇಲೆ ಹೋದಂತೆ ದುಂಡಗೆ, ತುದಿಗೆ ಶಿಖರ. ಅದನ್ನು ಕಟ್ಟುವುದು ಒಂದು ಕಸುಬು. ಸುಮ್ನೆ ಸೌದೆ ರಾಶಿ ಹಾಕಿದರೆ ಮಳೆಗಾಲಕ್ಕೆ ಕುಸಿಯುತ್ತದೆ. ಹೊರಗಿನಿಂದ ಬಂದವರು ಬ್ರಹ್ಮರಥದ ಮುಂದೆ ಸೆಲ್ಫಿ ತೆಗೆದುಕೊಂಡು ಹೋಗುತ್ತಾರೆ. ಈ ಸೌದೆ ರಥದ ಕಡೆ ತಿರುಗಿ ನೋಡುವವರು ಕಡಿಮೆ.

ಈ ನಡುವೆ ಸರದಿ ಬರಲಿರುವ ಸ್ವಾಮೀಜಿ ಪರ್ಯಾಯ ಸಂಚಾರ ಹೊರಡುತ್ತಾರೆ. ತೀರ್ಥಕ್ಷೇತ್ರಗಳನ್ನು ನೋಡುವುದು, ಊರೂರುಗಳಲ್ಲಿ ಭಕ್ತರನ್ನು ಕಾಣುವುದು, ಪರ್ಯಾಯಕ್ಕೆ ಕರೆಯುವುದು ಎಲ್ಲ ಒಟ್ಟಿಗೆ ಆಗುತ್ತದೆ. ಜನವರಿ ಮೊದಲ ವಾರಗಳಲ್ಲಿ ಪುರಪ್ರವೇಶ. ಊರಿನ ಪರವಾಗಿ ಪೌರಸನ್ಮಾನ. ಜನವರಿ 17ರ ರಾತ್ರಿ ಉಡುಪಿ ಮಲಗುವುದಿಲ್ಲ.

ನಸುಕಿಗೆ ಮುಂಚೆ ಸ್ವಾಮೀಜಿ ಕಾಪು ಹತ್ತಿರದ ದಂಡತೀರ್ಥದಲ್ಲಿ ಸ್ನಾನ ಮಾಡಿ ಉಡುಪಿಯ ಜೋಡುಕಟ್ಟೆಗೆ ಬರುತ್ತಾರೆ. ಅಲ್ಲಿಂದ ಮೆರವಣಿಗೆ. ಚೆಂಡೆ, ನಾಸಿಕ್ ಬ್ಯಾಂಡ್, ಕೀಲುಕುದುರೆ, ಹುಲಿವೇಷ, ಭಜನಾ ಮಂಡಳಿಗಳು, ಹಿಂದಿನಿಂದ ಪಲ್ಲಕ್ಕಿಗಳು. ರಥಬೀದಿಗೆ ಬಂದ ಮೇಲೆ ಮೊದಲ ನೋಟ ಕನಕನ ಕಿಂಡಿಯಿಂದ. ಆಮೇಲೆ ಚಂದ್ರಮೌಳೀಶ್ವರ, ಅನಂತೇಶ್ವರ ದರ್ಶನ. ಇವೆರಡು ಕೃಷ್ಣ ಮಠಕ್ಕಿಂತ ಹಳೆಯ ದೇವಸ್ಥಾನಗಳು. ಉಡುಪಿಗೆ ಹೋದರೆ ಮೊದಲು ಅಲ್ಲಿಗೆ, ಆಮೇಲೆ ಕೃಷ್ಣನ ಹತ್ತಿರ ಅನ್ನುವುದು ಊರಿನ ರೂಢಿ. ಎಲ್ಲ ಮುಗಿದ ಮೇಲೆ ಒಳಗೆ ಕೀಲಿಕೈ, ಅಕ್ಷಯಪಾತ್ರೆ, ಸಟ್ಟುಗ ಕೈ ಬದಲಾಗುತ್ತವೆ. ಹೊಸ ಸ್ವಾಮೀಜಿ ಸರ್ವಜ್ಞ ಪೀಠ ಏರುತ್ತಾರೆ. ಆಮೇಲೆ ಮಠದ ಸಭಾಂಗಣವಾದ ರಾಜಾಂಗಣದಲ್ಲಿ ದರ್ಬಾರು.

ಕನಕನ ಕಿಂಡಿ ಬಗ್ಗೆ ಒಂದು ಮಾತು. ಕುರುಬ ಸಮುದಾಯದ ಕನಕದಾಸರಿಗೆ ಒಳಗೆ ಬಿಡಲಿಲ್ಲ, ಅವರ ಹಾಡಿಗೆ ಗೋಡೆ ಬಿರುಕು ಬಿಟ್ಟು ಕೃಷ್ಣ ಪಶ್ಚಿಮಕ್ಕೆ ತಿರುಗಿದ ಅನ್ನುವ ಕತೆ ಎಲ್ಲರಿಗೂ ಗೊತ್ತು. ಇತಿಹಾಸವಾಗಿ ಇದರ ಬಗ್ಗೆ ವಾದವಿವಾದ ಇದೆ, ಇರಲಿ. ನನಗೆ ಕುತೂಹಲ ಅನ್ನಿಸುವುದು ಬೇರೆ. ಒಳಗೆ ಬಿಡದ ಕತೆಯನ್ನು ಮಠ ಮುಚ್ಚಿಡಲಿಲ್ಲ. ಪೀಠ ಏರುವ ಸನ್ಯಾಸಿಯೂ ಮೊದಲು ಹೊರಗೆ ನಿಂತು ಆ ಕಿಂಡಿಯಿಂದಲೇ ನೋಡಬೇಕು.

ಸಾಲದ ಕತೆ ಸುಪ್ರೀಂ ಕೋರ್ಟಿಗೆ ಹೋಗಿದ್ದು

ಈಗ ದುಡ್ಡಿನ ವಿಷಯಕ್ಕೆ ಬರೋಣ. ಪರ್ಯಾಯದ ನಿಯಮ ಸರಳ. ಎರಡು ವರ್ಷ ಕೃಷ್ಣ ಮಠದ ಆದಾಯ ಪರ್ಯಾಯ ಮಠಕ್ಕೆ, ಖರ್ಚೂ ಅದಕ್ಕೇ. ಖರ್ಚು ಜಾಸ್ತಿ ಆದರೆ? ಸಾಲ.

ಭಾರತದ ಕಾನೂನು ಓದುವ ಪ್ರತಿ ವಿದ್ಯಾರ್ಥಿಯೂ 'ಶೀರೂರು ಮಠ ಪ್ರಕರಣ' ಓದಿರುತ್ತಾನೆ. ಧಾರ್ಮಿಕ ಸ್ವಾತಂತ್ರ್ಯದ ಬಗ್ಗೆ 1954ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ಅದು. ಅದರ ಬೇರು ಉಡುಪಿಯ ಅಡಿಗೆಮನೆಯಲ್ಲಿದೆ ಅನ್ನುವುದು ಅಷ್ಟಾಗಿ ಯಾರಿಗೂ ಹೊಳೆಯುವುದಿಲ್ಲ.

ನಡೆದದ್ದು ಹೀಗೆ. ಶೀರೂರು ಮಠದ ಲಕ್ಷ್ಮೀಂದ್ರ ತೀರ್ಥರು 1919ರಲ್ಲಿ ಪೀಠಕ್ಕೆ ಬಂದಾಗ ಇನ್ನೂ ಬಾಲಕ. ವಯಸ್ಸಿಗೆ ಬಂದು 1926ರ ಹೊತ್ತಿಗೆ ಆಡಳಿತ ವಹಿಸಿಕೊಂಡಾಗ ಮಠದ ತುಂಬ ಸಾಲ. ನಾಲ್ಕು ವರ್ಷದಲ್ಲಿ ಅವರು ಅದರಲ್ಲಿ ಬಹುಪಾಲು ತೀರಿಸಿದರು. ಅಷ್ಟರಲ್ಲಿ ಪರ್ಯಾಯ ಬಂತು, ಮತ್ತೆ ಸಾಲ ಆಯಿತು. ಮುಂದಿನ ವರ್ಷಗಳಲ್ಲಿ ಸ್ವಲ್ಪ ಸುಧಾರಿಸಿತು. 1946ರಲ್ಲಿ ಅವರ ಎರಡನೇ ಪರ್ಯಾಯ. ಅದು ಎರಡನೇ ಮಹಾಯುದ್ಧ ಆಗಷ್ಟೇ ಮುಗಿದ ಸಮಯ. ಅಕ್ಕಿಗೆ ಬರ, ಬೆಲೆ ಆಕಾಶಕ್ಕೆ. ಪರ್ಯಾಯ ಅಂದ ಮೇಲೆ ಊಟ ನಿಲ್ಲಿಸುವ ಹಾಗಿಲ್ಲ. ಸಾಲ ಒಂದು ಲಕ್ಷ ರೂಪಾಯಿಯ ಹತ್ತಿರಕ್ಕೆ ಹೋಯಿತು. ಆ ಕಾಲದ ಒಂದು ಲಕ್ಷ!

ಉಡುಪಿ ಆಗ ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಮದರಾಸಿನ ಧಾರ್ಮಿಕ ದತ್ತಿ ಮಂಡಳಿ ಮಠದ ಆಡಳಿತಕ್ಕೆ ಕೈ ಹಾಕಿತು. ಅಧಿಕಾರಿಗಳ ಹಿಡಿತದಲ್ಲಿ ಆಡಳಿತ ನಡೆಯುವ ಒಂದು ಸ್ಕೀಮ್ ತರಲು ಹೊರಟಿತು. ಸ್ವಾಮೀಜಿ ಕೋರ್ಟಿಗೆ ಹೋದರು. ಹೈಕೋರ್ಟಿನಲ್ಲಿ ಗೆದ್ದರು. ಸರ್ಕಾರದ ಕಡೆಯವರು ಸುಪ್ರೀಂ ಕೋರ್ಟಿಗೆ ಹೋದರು.

ನ್ಯಾಯಮೂರ್ತಿ ಬಿ.ಕೆ. ಮುಖರ್ಜಿಯವರು ಬರೆದ ತೀರ್ಪಿನ ಸಾರ ಇಷ್ಟು. ಒಂದು ಧರ್ಮಕ್ಕೆ ಯಾವ ಆಚರಣೆ ಅಗತ್ಯ ಅನ್ನುವುದನ್ನು ಆ ಧರ್ಮದ ಸಿದ್ಧಾಂತದಿಂದಲೇ ತಿಳಿಯಬೇಕು, ಹೊರಗಿನ ಅಧಿಕಾರಿ ಹೇಳುವ ಹಾಗಿಲ್ಲ. ಇಂಥ ಹೊತ್ತಿಗೆ ದೇವರಿಗೆ ನೈವೇದ್ಯ ಆಗಬೇಕು ಎಂದು ಒಂದು ಪಂಥದವರು ನಂಬಿದರೆ ಅದು ಧರ್ಮದ ಭಾಗವೇ. ಆದರೆ ಆ ಆಚರಣೆಗೆ ಎಷ್ಟು ಖರ್ಚು ಮಾಡಬೇಕು ಅನ್ನುವುದು ಆಸ್ತಿಯ ಆಡಳಿತಕ್ಕೆ ಸೇರಿದ್ದು, ಅದರ ಮೇಲೆ ಕಾನೂನು ಹಿಡಿತ ಇಡಬಹುದು. 1951ರ ಮದರಾಸು ಕಾಯ್ದೆಯ ಕೆಲವು ಕಲಮುಗಳು ಬಿದ್ದುಹೋದವು. ಮಠಗಳಿಂದ ವಸೂಲಿ ಮಾಡುತ್ತಿದ್ದ ವಂತಿಗೆಯನ್ನು ಕೋರ್ಟ್ ತೆರಿಗೆ ಎಂದು ಕರೆಯಿತು, ಹಾಗೆ ತೆರಿಗೆ ಹಾಕುವ ಅಧಿಕಾರ ರಾಜ್ಯಕ್ಕಿಲ್ಲ ಎಂದಿತು. ಶಬರಿಮಲೆ ಪ್ರಕರಣದವರೆಗೂ ವಕೀಲರು ಎತ್ತಿ ಹೇಳುವ 'ಅಗತ್ಯ ಧಾರ್ಮಿಕ ಆಚರಣೆ' ಅನ್ನುವ ವಿಚಾರ ಬೆಳೆದದ್ದು ಈ ತೀರ್ಪಿನಿಂದ. ಇಷ್ಟೆಲ್ಲ ಆದದ್ದು ಎರಡು ವರ್ಷ ಊಟ ಹಾಕಿದ ಸಾಲದಿಂದ ಅಂದರೆ ನಂಬಬೇಕಲ್ಲ!

ಎರಡನೇ ದೊಡ್ಡ ಹೊಡೆತ 1974ರದ್ದು. ಅಲ್ಲಿಯವರೆಗೆ ಮಠಗಳ ಉಗ್ರಾಣ ತುಂಬುತ್ತಿದ್ದದ್ದು ಗೇಣಿ ಅಕ್ಕಿಯಿಂದ. ಮಠದ ಜಮೀನನ್ನು ಒಕ್ಕಲುಗಳು ಉಳುತ್ತಿದ್ದರು, ಬೆಳೆಯ ಒಂದು ಪಾಲು ಗೇಣಿಯಾಗಿ ಮಠಕ್ಕೆ ಬರುತ್ತಿತ್ತು. ದೇವರಾಜ ಅರಸರ ಸರ್ಕಾರ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ತಂದಿತು. ಉಳುವವನೇ ಹೊಲದೊಡೆಯನಾದ. ಕರಾವಳಿಯಲ್ಲಿ ಗೇಣಿ ಜಮೀನು ಬಹಳ ಇದ್ದದ್ದರಿಂದ ಅಲ್ಲಿ ಈ ಕಾನೂನಿನ ಪರಿಣಾಮವೂ ಜೋರು. ಮಠಗಳು ಗದ್ದೆ ಕಳೆದುಕೊಂಡವು, ಸಾವಿರಾರು ಒಕ್ಕಲು ಮನೆಗಳಿಗೆ ಸ್ವಂತ ಗದ್ದೆ ಸಿಕ್ಕಿತು. ಒಕ್ಕಲುಗಳ ಕಡೆಯಿಂದ ನೋಡಿದರೆ ಅದು ತಲೆಮಾರುಗಳ ನ್ಯಾಯ. ಮಠದ ಕಡೆಯಿಂದ ನೋಡಿದರೆ ಉಗ್ರಾಣ ಖಾಲಿ. ಎರಡೂ ನಿಜ.

ಹಾಗಾದರೆ ಊಟ ಮುಂದುವರಿದದ್ದು ಹೇಗೆ? ಭಕ್ತರ ಕಾಣಿಕೆ, ಸೇವೆಗಳು, ದಾನಿಗಳು ಅನ್ನುವುದು ಒಂದು ಉತ್ತರ. ಇನ್ನೊಂದು ಉತ್ತರ ಹೊರೆಕಾಣಿಕೆ.

ಹೊರೆಕಾಣಿಕೆ ಅನ್ನುವ ವ್ಯವಸ್ಥೆ

ಪರ್ಯಾಯದ ಮುಂಚಿನ ದಿನಗಳಲ್ಲಿ ಉಡುಪಿಯಲ್ಲಿದ್ದರೆ ಇದು ಕಣ್ಣಿಗೆ ಬೀಳದೆ ಇರುವುದಿಲ್ಲ. ಊರೂರಿನಿಂದ ಲಾರಿ, ಟೆಂಪೊ, ಪಿಕಪ್‌ಗಳ ಸಾಲು. ಅಕ್ಕಿ ಮೂಟೆ, ತೆಂಗಿನಕಾಯಿ, ಬೆಲ್ಲ, ಕುಂಬಳಕಾಯಿ, ಸೌತೆಕಾಯಿ, ಬಾಳೆಗೊನೆ. ಮುಂದೆ ಚೆಂಡೆ, ಜೊತೆಗೆ ಊರಿನ ಜನ. ಒಂದೊಂದು ದಿನ ಒಂದೊಂದು ಊರು, ಒಂದೊಂದು ಸಂಘ, ಒಂದೊಂದು ಸಮುದಾಯ. ಎಲ್ಲವನ್ನೂ ಮೆರವಣಿಗೆಯಲ್ಲಿ ತಂದು ಉಗ್ರಾಣಕ್ಕೆ ಒಪ್ಪಿಸುತ್ತಾರೆ. ಮುಸ್ಲಿಮರು, ಕ್ರೈಸ್ತರು ಹೊರೆಕಾಣಿಕೆ ತಂದ ಪರ್ಯಾಯಗಳೂ ಇವೆ.

ದುಡ್ಡು ಕೊಟ್ಟರೆ ರಸೀದಿ ಸಿಗುತ್ತದೆ, ಕೆಲಸ ಮುಗಿಯಿತು. ಹೊರೆಕಾಣಿಕೆ ಹಾಗಲ್ಲ. ಅದಕ್ಕೆ ಊರಿನಲ್ಲಿ ಮೀಟಿಂಗ್ ಆಗಬೇಕು, ಯಾರ ಮನೆಯಿಂದ ಎಷ್ಟು ಅಂತ ಮಾತಾಗಬೇಕು, ಗಾಡಿ ಗೊತ್ತು ಮಾಡಬೇಕು. ಹತ್ತು ತೆಂಗಿನಕಾಯಿ ಕೊಟ್ಟವನೂ ಆ ಮೆರವಣಿಗೆಯಲ್ಲಿ ನಡೆಯುತ್ತಾನೆ. ಹಿಂದೆ ಗೇಣಿ ಅಕ್ಕಿ ಬರುತ್ತಿದ್ದದ್ದೂ ಇದೇ ಹಳ್ಳಿಗಳ ಗದ್ದೆಗಳಿಂದಲೇ. ಆಗ ಅದು ಕೊಡಲೇಬೇಕಾದ ಪಾಲು. ಈಗ ಅದೇ ಗದ್ದೆಯ ಅಕ್ಕಿ ಮನಸ್ಸಿದ್ದರೆ ಬರುತ್ತದೆ. ಹಾಗಾಗಿ ಜನರ ಮನಸ್ಸು ಹೇಗಿದೆ ಅನ್ನುವುದು ಮಠಕ್ಕೆ ಮೊದಲಿಗಿಂತ ಜಾಸ್ತಿ ಮುಖ್ಯವಾಗಿದೆ.

ಕೃಷ್ಣನಿಗೆ ಇಲ್ಲಿ ಅನ್ನಬ್ರಹ್ಮ ಅನ್ನುವ ಹೆಸರೇ ಇದೆ. ಮಠದ ಅಡಿಗೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ ಇಲ್ಲ. ಚಾತುರ್ಮಾಸ್ಯದ ನಾಲ್ಕು ತಿಂಗಳಲ್ಲಂತೂ ನಿಯಮ ಇನ್ನೂ ಬಿಗಿ. ಒಂದು ತಿಂಗಳು ತರಕಾರಿ ಇಲ್ಲ, ಮುಂದಿನ ತಿಂಗಳು ಮೊಸರಿಲ್ಲ, ಆಮೇಲೆ ಹಾಲಿಲ್ಲ, ಕೊನೆಯ ತಿಂಗಳು ಬೇಳೆಕಾಳಿಲ್ಲ. ಬೇಳೆ ಇಲ್ಲದೆ ಸಾರು, ತರಕಾರಿ ಇಲ್ಲದೆ ಪಲ್ಯ! ಇಷ್ಟು ಕಟ್ಟಳೆಯೊಳಗೆ ನೂರಾರು ಜನಕ್ಕೆ ದಿನಾ ರುಚಿಯಾಗಿ ಬಡಿಸಿದ ಅಡಿಗೆಯವರ ಕೈ ಪಳಗದೆ ಇರುತ್ತದೆಯೇ? ಆ ಕೈಗಳಲ್ಲಿ ಕೆಲವು 20ನೇ ಶತಮಾನದ ಮೊದಲ ಭಾಗದಲ್ಲಿ ಮದರಾಸು, ಬೆಂಗಳೂರು, ಮುಂಬಯಿಗೆ ಹೋದವು. ಮಠದ ಅಡಿಗೆಮನೆಯಲ್ಲಿ ಕೆಲಸ ಮಾಡಿದ್ದ ಕಡಂದಲೆಯ ಕೃಷ್ಣರಾಯರು ಮದರಾಸಿನಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲ್ ಕಟ್ಟಿದರು. ಮಸಾಲೆದೋಸೆಯ ಜೊತೆ ಊರಿನ ಹೆಸರೂ ದೇಶ ಸುತ್ತಿತು. ಉಡುಪಿ ಹೋಟೆಲಿನ ದೋಸೆಯಲ್ಲಿ ಈರುಳ್ಳಿ ಇರುತ್ತದೆ, ಅದು ಬೇರೆ ಮಾತು.

ಯಾರು ಎಲ್ಲಿ ಕೂತು ಊಟ ಮಾಡಬೇಕು?

ಊಟವೇ ಕೇಂದ್ರವಾದ ಮೇಲೆ ಜಗಳವೂ ಅಲ್ಲೇ ಬರಬೇಕು. ಬಂದಿದೆ. ಸಾರ್ವಜನಿಕರಿಗೆ ಭೋಜನಶಾಲೆ, ಬ್ರಾಹ್ಮಣರಿಗೆ ಬೇರೆ ಪಂಕ್ತಿ ಅನ್ನುವ ರೂಢಿಯ ವಿರುದ್ಧ ಪ್ರತಿಭಟನೆಗಳು ನಡೆದಿವೆ. 2016ರ ಅಕ್ಟೋಬರಿನಲ್ಲಿ ದಲಿತ ಮತ್ತು ಪ್ರಗತಿಪರ ಸಂಘಟನೆಗಳ 'ಚಲೋ ಉಡುಪಿ' ಜಾಥಾ ಬೆಂಗಳೂರಿನಿಂದ ಉಡುಪಿಗೆ ಬಂತು. ಅವರು ಕೇಳಿದ್ದು ಆಹಾರದ ಹಕ್ಕು, ಭೂಮಿಯ ಹಕ್ಕು. ಉಡುಪಿಯ ಇತಿಹಾಸ ಗೊತ್ತಿದ್ದವರಿಗೆ ಇವೆರಡೂ ಹೊಸ ಮಾತುಗಳಲ್ಲ. ಊಟ ಮಾಡಿದ ಎಲೆಗಳ ಮೇಲೆ ಉರುಳುವ ಮಡೆಸ್ನಾನ, ನೈವೇದ್ಯದ ಎಲೆಯ ಮೇಲೆ ಉರುಳುವ ಎಡೆಸ್ನಾನದ ಬಗ್ಗೆಯೂ ವರ್ಷಗಟ್ಟಲೆ ಚರ್ಚೆ ನಡೆಯಿತು. 2018ರಲ್ಲಿ ಪಲಿಮಾರು ಪರ್ಯಾಯದ ಸಮಯದಲ್ಲಿ ಕೃಷ್ಣ ಮಠದಲ್ಲಿ ಅದನ್ನು ನಿಲ್ಲಿಸಿದರು.

ಬದಲಾವಣೆ ಒಳಗಿನಿಂದಲೂ ಬಂದಿದೆ, ಹೊರಗಿನ ಒತ್ತಡದಿಂದಲೂ ಬಂದಿದೆ. ಪೇಜಾವರ ಮಠದ ವಿಶ್ವೇಶತೀರ್ಥರು 1952ರಿಂದ 2016ರವರೆಗೆ ಐದು ಸಲ ಪರ್ಯಾಯ ಪೀಠ ಏರಿದವರು. ದಲಿತರ ಕೇರಿಗಳಲ್ಲಿ ಪಾದಯಾತ್ರೆ ಮಾಡಿ ಸ್ವಂತ ವಲಯದವರಿಂದಲೇ ಟೀಕೆ ಕೇಳಿದರು. ತಮ್ಮ ಐದನೇ ಪರ್ಯಾಯದಲ್ಲಿ, 2017ರ ರಂಜಾನ್ ತಿಂಗಳಲ್ಲಿ ಮಠದ ಆವರಣದಲ್ಲೇ ಮುಸ್ಲಿಮರಿಗೆ ಇಫ್ತಾರ್ ಏರ್ಪಡಿಸಿದರು. ಅದಕ್ಕೂ ದೊಡ್ಡ ಗಲಾಟೆ ಆಯಿತು. ಅವರ ರಾಜಕೀಯ ನಿಲುವುಗಳನ್ನು ಒಪ್ಪದವರು ಬಹಳ ಜನ ಇದ್ದಾರೆ. ಆದರೆ ಅವರು ಮಾಡಿದ ಪ್ರತಿ ಹೊಸ ಕೆಲಸವೂ ಪಂಕ್ತಿಯ ಗೆರೆ ಎಲ್ಲಿ ಎಳೆಯಬೇಕು ಅನ್ನುವ ಪ್ರಶ್ನೆಯನ್ನೇ ಮುಟ್ಟಿತು. ಆ ಪ್ರಶ್ನೆ ಪೂರ್ತಿ ಮುಗಿದಿದೆ ಅಂತ ಹೇಳಲಾಗದು.

ಒಬ್ಬರನ್ನೊಬ್ಬರು ನೋಡಿಕೊಳ್ಳುವ ಜೋಡಿಗಳು

ಒಂದು ಮಠದ ಸ್ವಾಮೀಜಿ ಶಿಷ್ಯನನ್ನು ಮಾಡದೆ ತೀರಿಕೊಂಡರೆ? ಇದಕ್ಕೂ ಉಪಾಯ ಇದೆ. ಎಂಟು ಮಠಗಳು ನಾಲ್ಕು ಜೋಡಿಗಳು: ಪಲಿಮಾರು–ಅದಮಾರು, ಕೃಷ್ಣಾಪುರ–ಪುತ್ತಿಗೆ, ಶೀರೂರು–ಸೋದೆ, ಕಾಣಿಯೂರು–ಪೇಜಾವರ. ಇವಕ್ಕೆ ದ್ವಂದ್ವ ಮಠ ಎನ್ನುತ್ತಾರೆ. ಒಂದರ ಪೀಠ ಖಾಲಿಯಾದರೆ ಇನ್ನೊಂದರ ಸ್ವಾಮೀಜಿ ಆಡಳಿತ ನೋಡಿ, ಹೊಸ ಉತ್ತರಾಧಿಕಾರಿಯನ್ನು ನೇಮಿಸಬೇಕು.

2018ರ ಜುಲೈಯಲ್ಲಿ ಶೀರೂರು ಮಠದ ಲಕ್ಷ್ಮೀವರ ತೀರ್ಥರು ತೀರಿಕೊಂಡಾಗ ಇದು ಕೆಲಸಕ್ಕೆ ಬಂತು. ಸೋದೆ ಮಠದವರು ಆಡಳಿತ ನೋಡಿಕೊಂಡರು. 2021ರಲ್ಲಿ ಹದಿಹರೆಯದ ವೇದವರ್ಧನ ತೀರ್ಥರಿಗೆ ಪಟ್ಟ ಕಟ್ಟಿದರು. 18 ತುಂಬದವರಿಗೆ ಸನ್ಯಾಸ ಕೊಡಬಹುದೇ ಅನ್ನುವ ಪ್ರಶ್ನೆ ಕರ್ನಾಟಕ ಹೈಕೋರ್ಟಿಗೆ ಹೋಯಿತು. ಅದಕ್ಕೆ ಅಡ್ಡಿ ಇಲ್ಲ ಅಂತ ಅದೇ ವರ್ಷ ಕೋರ್ಟ್ ಹೇಳಿತು. ಶೀರೂರು ಮಠಕ್ಕೂ ದೊಡ್ಡ ಕೋರ್ಟುಗಳಿಗೂ ಏನೋ ಹಳೆಯ ನಂಟು!

ಜೋಡಿ ಮಠ ಇದ್ದರೂ ಎಂಟೂ ಮಠಗಳು ಯಾವಾಗಲೂ ಒಮ್ಮತದಿಂದ ಇರುತ್ತವೆ ಅಂದುಕೊಳ್ಳಬೇಡಿ. ಪುತ್ತಿಗೆ ಮಠದ ಸುಗುಣೇಂದ್ರ ತೀರ್ಥರು ಕಡಲು ದಾಟಿ ವಿದೇಶಕ್ಕೆ ಹೋಗಿಬಂದವರು. ಅಮೆರಿಕದ ಎಡಿಸನ್‌ನಲ್ಲಿ ಅವರ ಮಠದ ಕೃಷ್ಣ ದೇವಸ್ಥಾನ ಇದೆ, ಅಲ್ಲಿನ ಕನ್ನಡಿಗರು ಹಬ್ಬಕ್ಕೆ ಸೇರುವುದು ಅಲ್ಲಿಗೇ. 2008ರಲ್ಲಿ ಅವರ ಪರ್ಯಾಯ ಬಂದಾಗ, ಕಡಲು ದಾಟಿದವರು ಕೃಷ್ಣನನ್ನು ಮುಟ್ಟಬಾರದು ಅಂತ ಉಳಿದ ಮಠಗಳಿಂದ ಆಕ್ಷೇಪ ಬಂತು. ಮಾತುಕತೆ, ಮುನಿಸು ಎಲ್ಲ ಆಯಿತು. ಆದರೂ ಪರ್ಯಾಯ ನಡೆಯಿತು. 2024ರಲ್ಲಿ ಮತ್ತೆ ಅವರೇ ಪೀಠ ಏರಿದರು, ನಾಲ್ಕನೇ ಸಲ. ಇಂಥ ಜಗಳಗಳಲ್ಲಿ ಯಾರೂ ಸರದಿಯನ್ನೇ ಕಿತ್ತುಕೊಳ್ಳಲು ಹೋಗುವುದಿಲ್ಲ. ಇವತ್ತು ಅವರದ್ದು ಕಿತ್ತುಕೊಂಡರೆ ನಾಳೆ ನಮ್ಮದೂ ಹೋದೀತು ಅನ್ನುವ ಎಚ್ಚರ ಎಂಟೂ ಮಠಗಳಿಗೆ ಇದೆ.

ಎರಡು ವರ್ಷದ ಗಡುವು ಇನ್ನೊಂದು ಕೆಲಸ ಮಾಡಿದೆ. ಪ್ರತಿ ಸ್ವಾಮೀಜಿಗೂ ತಮ್ಮ ಅವಧಿಯ ನೆನಪಿಗೆ ಏನಾದರೂ ಮಾಡಬೇಕು ಅನ್ನುವ ಹುಮ್ಮಸ್ಸು. ಪಲಿಮಾರು ಮಠ 2019ರಲ್ಲಿ ಗರ್ಭಗುಡಿಗೆ ಚಿನ್ನದ ಹೊದಿಕೆಯ ಸುವರ್ಣಗೋಪುರ ಮಾಡಿಸಿತು. ಅದಮಾರು ಮಠದ ವಿಬುಧೇಶತೀರ್ಥರ ನೆನಪು ಶಾಲೆ ಕಾಲೇಜುಗಳಲ್ಲಿ ಉಳಿದಿದೆ. ಉಡುಪಿಯ ಪೂರ್ಣಪ್ರಜ್ಞ ಕಾಲೇಜು ಅವರು 1960ರಲ್ಲಿ ಶುರು ಮಾಡಿದ್ದು. ಚಿಣ್ಣರ ಸಂತರ್ಪಣೆ ಹೆಸರಿನಲ್ಲಿ ಸುತ್ತಲಿನ ಶಾಲೆಗಳ ಮಕ್ಕಳಿಗೆ ಮಠದ ಕಡೆಯಿಂದ ಊಟ ಹೋಗುತ್ತದೆ. ಚಿನ್ನದ ಗೋಪುರಕ್ಕಿಂತ ಕಾಲೇಜು, ಮಕ್ಕಳ ಊಟ ನನಗೆ ಹೆಚ್ಚು ಇಷ್ಟ. ಇದು ನನ್ನ ರುಚಿ, ಒಪ್ಪಲೇಬೇಕು ಅಂತಿಲ್ಲ.

ಪರ್ಯಾಯ ಇಲ್ಲದ ವರ್ಷಗಳಲ್ಲೂ ರಥಬೀದಿ ಖಾಲಿ ಇರುವುದಿಲ್ಲ. ಸಂಜೆಯಾದರೆ ರಾಜಾಂಗಣದಲ್ಲಿ ಪ್ರವಚನ, ಸಂಗೀತ, ಯಕ್ಷಗಾನ. ಮಕರ ಸಂಕ್ರಾಂತಿಗೆ ಮೂರು ತೇರು. ಅಷ್ಟಮಿಗೆ ಲಡ್ಡು, ಚಕ್ಕುಲಿಯ ರಾಶಿ. ಮಾರನೆಯ ದಿನ ವಿಟ್ಲಪಿಂಡಿ. ಗೊಲ್ಲರ ವೇಷ ಹಾಕಿದವರು ಗುರ್ಜಿ ಅನ್ನುವ ಮರದ ಚೌಕಟ್ಟುಗಳಿಗೆ ಕಟ್ಟಿದ ಮೊಸರುಕುಡಿಕೆ ಒಡೆಯುತ್ತಾರೆ, ಮಣ್ಣಿನ ಕೃಷ್ಣನನ್ನು ತೇರಿನಲ್ಲಿ ಮೆರೆಸಿ ಮಧ್ವ ಸರೋವರಕ್ಕೆ ಬಿಡುತ್ತಾರೆ. ತುಳುವಿನಲ್ಲಿ ಪಿಲಿವೇಷ ಅನ್ನುವ ಹುಲಿಗಳು ಊರು ತುಂಬ ಕುಣಿಯುತ್ತವೆ.

2028ರ ಜನವರಿಯಲ್ಲಿ ಸೋದೆ ಪರ್ಯಾಯ. ಹೋಗುವ ಮನಸ್ಸಿದ್ದರೆ ಎರಡು ಮಾತು. 17ರ ರಾತ್ರಿ ಊಟ ಮುಗಿಸಿ ಬೇಗ ಹೋಗಿ ಜಾಗ ಹಿಡಿಯಿರಿ, ವಾಹನವನ್ನು ರಥಬೀದಿಯಿಂದ ದೂರವೇ ಬಿಡಿ. ಸಾಧ್ಯವಾದರೆ ನಾಲ್ಕೈದು ದಿನ ಮೊದಲೇ ಹೋಗಿ ಹೊರೆಕಾಣಿಕೆ ನೋಡಿ. ಸೋದೆ ಮಠಕ್ಕೂ ಮಟ್ಟು ಗ್ರಾಮಕ್ಕೂ ಹಳೆಯ ಸಂಬಂಧ. ಮಟ್ಟುಗುಳ್ಳದ ಬೀಜ ಕೊಟ್ಟವರು ವಾದಿರಾಜರು ಅಂತ ಅಲ್ಲಿನ ರೈತರ ನಂಬಿಕೆ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಬದನೆ ಅದು. ಮಠದ ಹುಳಿಯಲ್ಲಿ ಅದರ ಹೋಳು ಸಿಕ್ಕರೆ ಎರಡನೇ ಸಲ ಬಡಿಸಲು ಬಂದವರಿಗೆ ಸಾಕು ಅನ್ನಬೇಡಿ.